ಐದು ಆಂಪಿಯರ್‌ನಲ್ಲಿ ಒಂದು ಕೇಕ್

ಮೇ ೨, ಗುರುವಾರ

ಬದ್ರಿಯಾ ಅಕ್ಕ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಬಂದಳು, ಹನ್ನೊಂದೂ ಮುಕ್ಕಾಲಿಗೆ ಹೊರಟಳು. ಅಷ್ಟರಲ್ಲಿ ಕರೆಂಟು ಎರಡು ಸಲ ಹೋಗಿ ಬಂತು. ಮೂವತ್ತೊಂದು ವರ್ಷ ಬಸ್ರಾದ ರೈಲು ನಿಲ್ದಾಣದಲ್ಲಿ ಗಾಡಿ ಬಂದ ಹೊತ್ತು, ಹೋದ ಹೊತ್ತು ಬರೆದವನಿಗೆ ಈ ಚಾಳಿ ಬಿಡುವುದಿಲ್ಲ. ಈಗ ಬರೆಯಲು ಗಾಡಿಗಳಿಲ್ಲ. ಅಕ್ಕ ಇದ್ದಾಳೆ, ಕರೆಂಟು ಇದೆ.

ಅವಳು ತಂದ ಸುದ್ದಿ ಇದು. ನನ್ನ ಮಗಳು ಇಶ್ರಾಕ್‌ಳನ್ನು ನೋಡಲು ಈ ತಿಂಗಳು ಇಪ್ಪತ್ತಮೂರಕ್ಕೆ, ಗುರುವಾರ ಸಂಜೆ ಐದಕ್ಕೆ, ಗಂಡಿನ ಕಡೆಯ ಹೆಂಗಸರು ಬರುತ್ತಾರೆ. ಹುಡುಗನ ಹೆಸರು ಅಯ್ಸರ್, ಬಂದರಿನಲ್ಲಿ ಇಂಜಿನಿಯರ್. ಬರುವವರು ಅವನ ತಾಯಿ, ಚಿಕ್ಕಮ್ಮ, ಅತ್ತಿಗೆ. ಒಪ್ಪಿಗೆಯಾದರೆ ಅಕ್ಕನಿಗೆ ಫೋನ್ ಮಾಡುತ್ತಾರೆ, ಆಮೇಲೆ ಗಂಡಸರು ಬಂದು ನನ್ನನ್ನು ಕೇಳುತ್ತಾರೆ. ಒಪ್ಪಿಗೆಯಾಗದಿದ್ದರೆ ಫೋನೇ ಬರುವುದಿಲ್ಲ. ಜುಲೈ ಮೊದಲ ವಾರಕ್ಕೆ ಮೊಹರಂ, ಅಲ್ಲಿಂದ ಎರಡು ತಿಂಗಳು ಯಾರೂ ಮದುವೆಯ ಮಾತೆತ್ತುವುದಿಲ್ಲ.

ಈ ಹಿಂದೆ ಎರಡು ಮನೆಯವರು ಬಂದಿದ್ದರು. ಎರಡೂ ಸಲ ತಿಂದರು, ಕುಡಿದರು, ಇಶ್ರಾಕ್‌ಳ ಕೆನ್ನೆಗೆ ಮುತ್ತಿಟ್ಟು ಹೋದರು. ಫೋನ್ ಬರಲಿಲ್ಲ. ಅವಳಿಗೀಗ ಇಪ್ಪತ್ತೊಂಬತ್ತು. ಅವಳ ತಾಯಿ ಫಲೀಹಾ ತೀರಿಕೊಂಡು ಮೂರು ವರ್ಷ. ತಾಯಿಯಿದ್ದ ಮನೆಗೆ ಬಂದವರು ಹೀಗೆ ಸುಮ್ಮನಾಗುವುದಿಲ್ಲ ಎಂಬ ಯೋಚನೆ ನನ್ನನ್ನು ಕೊರೆಯುತ್ತಲೇ ಇದೆ.

ಇವತ್ತು ಅಕ್ಕನನ್ನು ಕೇಳಿಯೇ ಬಿಟ್ಟೆ, ಯಾಕೆ ಬರಲಿಲ್ಲ ಅಂತ. ಅವಳು ಸ್ವಲ್ಪ ಹೊತ್ತು ತನ್ನ ಕಪ್ಪು ನಿಲುವಂಗಿ ಅಬಾಯದ ಅಂಚನ್ನು ಬೆರಳಿಗೆ ಸುತ್ತುತ್ತಾ ಕೂತಳು.

"ಕೇಕು, ಮಕ್ಕಿ," ಎಂದು ನನ್ನ ಹೆಸರು ಹಿಡಿದು ಅಂದಳು. "ಎರಡು ಸಲನೂ ಅಂಗಡಿ ಡಬ್ಬ ಬಿಚ್ಚಿ ಇಟ್ರಿ. ಅಂಗಡಿ ಕೇಕು ನೋಡಿದ ತಕ್ಷಣ ಹೆಂಗಸರಿಗೆ ಗೊತ್ತಾಗುತ್ತೆ, ಈ ಮನೇಲಿ ಒಲೆ ಹಚ್ಚೋರಿಲ್ಲ ಅಂತ. ಅಂಥಾ ಮನೆಯಿಂದ ಯಾರು ಸೊಸೆ ತರ್ತಾರೆ?"

ಹಾಗಾದರೆ ನೀನೇ ಮಾಡಿಕೊಡು ಎಂದೆ. ಅವಳ ಮಣಿಕಟ್ಟುಗಳು ಊದಿಕೊಂಡು ಲೋಟ ಎತ್ತುವುದೇ ಕಷ್ಟವಾಗಿದೆಯಂತೆ. ಅವತ್ತು ಬಂದು ಮನೆಯ ಹಿರಿಯಳಾಗಿ ಕೂರುತ್ತಾಳೆ, ಅಷ್ಟೇ. ಮಧ್ಯಾಹ್ನ ಇಶ್ರಾಕ್ ಬಂದ ಮೇಲೆ ಅವಳಿಗೆ ಹೇಳಿದೆ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಬೆಳಗಿನಿಂದ ಮೂರರ ತನಕ ಕೆಲಸ, ಸಂಜೆ ಇನ್ನೊಂದು ಕಡೆ. ತನಗೆ ಕೇಕು ಬರುವುದಿಲ್ಲ, ಕಲಿಯಲು ಪುರುಸೊತ್ತೂ ಇಲ್ಲ, ಅಂಗಡಿಯದು ಇಡೋಣ, ತಿಂದರೆ ತಿನ್ನಲಿ ಎಂದು ಸ್ನಾನಕ್ಕೆ ಹೋದಳು. ಎಲ್ಲರೂ ಆರಾಮವಾಗಿದ್ದಾರೆ. ಚಿಂತೆ ನನಗೊಬ್ಬನಿಗೇ.

ಮೇ ೪, ಶನಿವಾರ

ಮಾಡಿದರೆ ನಾನೇ ಮಾಡಬೇಕು. ಬೇರೆ ದಾರಿ ಕಾಣದೆ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು ನಗು ಮುಗಿಸುವ ತನಕ ಫೋನನ್ನು ಕಿವಿಯಿಂದ ದೂರ ಹಿಡಿದು ಕಾಯಬೇಕಾಯಿತು. ಆಮೇಲೆ ಬರೆಸಿದಳು. ಮೂರು ಮೊಟ್ಟೆ, ಎರಡು ಲೋಟ ಮೈದಾ, ಒಂದು ಲೋಟ ಸಕ್ಕರೆ, ಅರ್ಧ ಲೋಟ ಕೋಕೋ ಪುಡಿ, ಅರ್ಧ ಲೋಟ ಎಣ್ಣೆ, ಒಂದು ಲೋಟ ಬಿಸಿನೀರು, ಬೇಕಿಂಗ್ ಪೌಡರ್ ಒಂದು ಪೊಟ್ಟಣ, ಮೊಟ್ಟೆಯ ಹಸಿ ವಾಸನೆ ಹೋಗಲು ವೆನಿಲ್ಲಾ, ಒಂದು ಚಿಟಿಕೆ ಏಲಕ್ಕಿ. ಎಲ್ಲವನ್ನೂ ಒಂದೇ ಬೋಗುಣಿಯಲ್ಲಿ ಕಲಸಿ ಒವನ್‌ನಲ್ಲಿ ಮೂವತ್ತೈದು ನಿಮಿಷ. ಆರಿದ ಮೇಲೆ ಹಾಲು, ಕೋಕೋ, ಬೆಣ್ಣೆ ಕುದಿಸಿ ಮೇಲೆ ಸುರಿಯಬೇಕು. ಕಣ್ಣು ಮುಚ್ಚಿಕೊಂಡು ಮಾಡಬಹುದಾದ ಕೇಕು ಎಂದಳು.

ನಾನು ಕಣ್ಣು ಬಿಟ್ಟುಕೊಂಡು ಹುಡುಕಿದರೂ ಮೈದಾ ಸಿಗಲಿಲ್ಲ. ಇಶ್ರಾಕ್‌ಗೆ ಫೋನ್ ಮಾಡಿದೆ. ಸಕ್ಕರೆಗೆ ಇನ್ನೊಂದು ಸಲ ಮಾಡಿದೆ. ಮೂರನೇ ಸಲ ಬೋಗುಣಿಗೆ ಮಾಡಿದಾಗ, ಕೈಯಲ್ಲಿ ಒಬ್ಬರ ರಕ್ತ ಹಿಡಿದು ನಿಂತಿದ್ದೀನಿ ಅಪ್ಪ, ಎಂದು ಮೆಲ್ಲಗೆ ಹೇಳಿ ಇಟ್ಟಳು. ಅಡುಗೆಮನೆಯಲ್ಲಿ ಇಷ್ಟೊಂದು ಬಾಗಿಲುಗಳಿವೆ ಎಂದು ನನಗೆ ಗೊತ್ತೇ ಇರಲಿಲ್ಲ. ಫಲೀಹಾ ಯಾವುದನ್ನು ಎಲ್ಲಿಟ್ಟಿದ್ದಳೋ ಮಗಳೂ ಅಲ್ಲಲ್ಲೇ ಇಟ್ಟಿದ್ದಾಳೆ.

ಮೂರೂವರೆಗೆ ಅವಳು ಬಂದು ಸಾರು ಬಿಸಿ ಮಾಡಿದಳು, ಇಬ್ಬರೂ ಊಟ ಮಾಡಿದೆವು.

ಮೇ ೭, ಮಂಗಳವಾರ

ಗ್ಯಾಸ್ ಒಲೆಯ ಕೆಳಗಿನ ಒವನ್ ತುಕ್ಕು ಹಿಡಿದು ತೂತಾಗಿದೆ. ಅಕ್ಕ ತನ್ನ ಕರೆಂಟಿನ ಒವನ್ ಕಳಿಸಿದಳು. ಹತ್ತೂ ಐದಕ್ಕೆ ಕರೆಂಟು ಬಂತು, ಹತ್ತೂ ಹತ್ತಕ್ಕೆ ಶುರು ಮಾಡಿದೆ. ಒಂದು ಮೊಟ್ಟೆ ನೆಲಕ್ಕೆ ಬಿತ್ತು. ಆದರೂ ಹನ್ನೊಂದೂ ಕಾಲಿಗೆ ಕೇಕು ಹೊರಗೆ ಬಂತು. ಉಬ್ಬಿತ್ತು, ಕಪ್ಪಗೆ ಹೊಳೆಯುತ್ತಿತ್ತು. ಮೂರು ವರ್ಷದಿಂದ ಈ ಮನೆಯಲ್ಲಿ ಅಂಥ ಘಮ ಬಂದಿರಲಿಲ್ಲ. ಖುಷಿಗೆ ನಾನೊಬ್ಬನೇ ಅಡುಗೆಮನೆಯಲ್ಲಿ ನಿಂತು ನಕ್ಕೆ.

ಕತ್ತರಿಸಿ ಬಾಯಿಗಿಟ್ಟೆ. ಉಪ್ಪು. ಸಕ್ಕರೆಯ ಬದಲು ಉಪ್ಪು ಹಾಕಿದೆನೇ ಎಂದು ಡಬ್ಬಿಗಳನ್ನೆಲ್ಲ ನೆಕ್ಕಿ ನೋಡಿದೆ. ಇಲ್ಲ, ಸಕ್ಕರೆಯೇ ಹಾಕಿದ್ದೇನೆ. ಕಾರಣ ಗೊತ್ತಾಗದೆ ಮಧ್ಯಾಹ್ನವೆಲ್ಲ ತಲೆ ಕೆಟ್ಟು ಹೋಯಿತು. ಇಶ್ರಾಕ್ ಬಂದಳು, ಒಂದು ತುಣುಕು ತಿಂದಳು, ಮುಖ ಸೊಟ್ಟಗೆ ಮಾಡದಿರಲು ತುಂಬಾ ಕಷ್ಟಪಟ್ಟಳು.

"ಅಪ್ಪ, ನೀರು ಎಲ್ಲಿಂದ ತಗೊಂಡೆ?"

"ನಲ್ಲಿಯಿಂದ. ಇನ್ನೆಲ್ಲಿಂದ?"

ಅವಳು ನಕ್ಕು ನಕ್ಕು ಕುರ್ಚಿ ಹಿಡಿದು ಕೂತಳು. ಬಸ್ರಾದ ನಲ್ಲಿಯಲ್ಲಿ ಬರುವುದು ಸಮುದ್ರದ ಉಪ್ಪು ಬೆರೆತ ನೀರು, ಅದು ಬಟ್ಟೆಗೆ, ಪಾತ್ರೆಗೆ. ಚಹಾಕ್ಕೆ, ಅಡುಗೆಗೆ ಟ್ಯಾಂಕರಿನವನಿಂದ ಕೊಂಡ ಸಿಹಿನೀರು. ಅದಕ್ಕೆ ಬೇರೆ ತೊಟ್ಟಿ, ಬೇರೆ ಪುಟ್ಟ ನಲ್ಲಿ. ಇದು ಇಲ್ಲಿನ ಎಳೆ ಮಕ್ಕಳಿಗೂ ಗೊತ್ತು. ನನಗೂ ಗೊತ್ತು. ಆದರೆ ಅರವತ್ತೆರಡು ವರ್ಷ ನನ್ನ ಕೈಗೆ ನೀರು ಬಂದದ್ದು ಚಹಾ ಆದ ಮೇಲೆಯೇ. ಯಾವ ನಲ್ಲಿ ಎಂದು ಕೈ ಕಲಿತಿಲ್ಲ.

ನಾಚಿಕೆಯಾಯಿತು. ಅವಳು ನಕ್ಕದ್ದು ಮಾತ್ರ ಚೆನ್ನಾಗಿತ್ತು.

ಮೇ ೧೧, ಶನಿವಾರ

ಎರಡನೇ ಸಲ. ಸಿಹಿನೀರು. ಒಲೆಯ ಮೇಲೆ ನಾನೇ ಕಾಯಿಸಿದೆ. ಹಿಟ್ಟು ಒಳಗಿಟ್ಟು ಇಪ್ಪತ್ತನೇ ನಿಮಿಷಕ್ಕೆ ಕರೆಂಟು ಹೋಯಿತು. ಬೀದಿಯ ಜನರೇಟರ್ ಗುಡುಗುಡು ಎಂದು ಶುರುವಾದದ್ದು ಕೇಳಿ, ದೇವರು ದೊಡ್ಡವನು ಎಂದು ಒವನ್ ಮತ್ತೆ ಹಾಕಿದೆ. ಟಪ್ ಎಂದಿತು. ಮನೆಯೆಲ್ಲ ಆರಿತು.

ಜನರೇಟರಿನಿಂದ ನಮ್ಮ ಮನೆಗೆ ಬರುವುದು ಐದು ಆಂಪಿಯರ್. ಒವನ್‌ಗೆ ಒಂದಕ್ಕೇ ಏಳು ಬೇಕು. ನಮ್ಮ ಬ್ರೇಕರ್ ಇರುವುದು ಬೀದಿಯ ಕೊನೆಯಲ್ಲಿ, ಜನರೇಟರ್ ನಡೆಸುವ ಶಾಕಿರ್‌ನ ಫಲಕದಲ್ಲಿ. ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ ನಡೆದುಹೋಗಿ, ಎತ್ತಪ್ಪ ಎಂದು ಕೇಳಬೇಕು.

ಏನು ಹಾಕಿದ್ರಿ ಹಾಜಿ ಎಂದು ಕೇಳಿದ. ಏನೂ ಇಲ್ಲ ಎಂದೆ. ನನ್ನ ಅಂಗಿಯ ಮೇಲಿದ್ದ ಕೋಕೋ ಕಲೆ ನೋಡಿದ.

"ಹಾಜಿ, ಈ ಬೀದೀಲಿ ಯಾರ ಮನೇಲಿ ಇಸ್ತ್ರಿ ಹಾಕಿದ್ರು, ಯಾರ ಮನೇಲಿ ಬಚ್ಚಲ ಬಿಸಿನೀರು ಹಾಕಿದ್ರು, ಎಲ್ಲ ನಂಗೆ ಗೊತ್ತಾಗುತ್ತೆ. ನೀವು ಕೇಕು ಸುಡ್ತಿದ್ದೀರಿ."

ವಾಪಸು ಬರುವಷ್ಟರಲ್ಲಿ ಎರಡು ಮನೆಯ ಹೆಂಗಸರು ಬಾಗಿಲಲ್ಲಿ ನಿಂತು, ಸಲಾಂ ಹೇಳಿ, ಹೇಗೆ ಬಂತು ಎಂದು ಕೇಳಿದರು. ಒಳಗಿದ್ದದ್ದು ಅರ್ಧ ಬೆಂದ ಕೆಸರು. ಬೀದಿಗೆಲ್ಲ ಗೊತ್ತಾಯಿತಲ್ಲ ಎಂದು ಸಂಜೆಯವರೆಗೂ ಒದ್ದಾಡಿದೆ. ಹುಡುಗನ ಕಡೆಯವರಿಗೆ ಯಾರಾದರೂ ಹೇಳಿಬಿಟ್ಟರೆ? ಅಡುಗೆಮನೆಯಲ್ಲಿ ಗಂಡಸು, ಹೆಣ್ಣಿಗೆ ಏನೂ ಬಾರದು ಎಂದುಕೊಂಡರೆ?

ಮೇ ೧೪, ಮಂಗಳವಾರ

ಮೂರನೆಯದು ಪೂರ್ತಿ ಬೆಂದಿತು. ಅಡಿ ಹತ್ತಿತ್ತು. ಹತ್ತಿದ್ದನ್ನು ಕೆರೆದು ತಿಂದೆವು. ಕೇಕು ಆರುವ ತನಕ ಸುಮ್ಮನೆ ಕೂರುವುದೇಕೆ ಎಂದು ಬೇಳೆ ಸಾರಿಗೆ ಇಟ್ಟೆ. ಇಶ್ರಾಕ್ ಉಪ್ಪು ಕಡಿಮೆ ಎಂದಳು. ಉಪ್ಪು ಕಂಡರೆ ಈಗ ಕೈ ಹಿಂದಕ್ಕೆ ಹೋಗುತ್ತದೆ.

ಮೇ ೧೬, ಗುರುವಾರ

ಇನ್ನು ಏಳು ದಿನ. ನಾಲ್ಕನೆಯದು ನಡುವೆ ಕುಸಿಯಿತು. ಅಕ್ಕ ಫೋನಿನಲ್ಲಿ, ಹತ್ತು ಸಲ ಬಾಗಿಲು ತೆಗೆದು ಇಣುಕಿದ್ದೀಯ ಎಂದಳು. ಒಂಬತ್ತು ಸಲ.

ಸಂಜೆ ಇಶ್ರಾಕ್ ಅಡುಗೆಮನೆಗೆ ಹೋದವಳು ಅಲ್ಲೇ ನಿಂತಿದ್ದಳು. ಗ್ಯಾಸ್ ಸಿಲಿಂಡರ್ ಯಾರು ಬದಲಾಯಿಸಿದರು ಎಂದು ಕೇಳಿದಳು. ಗ್ಯಾಸಿನ ಗಾಡಿ ಬಂದಾಗ ನಾನೇ ತಗೊಂಡೆ, ನಾನೇ ಹಾಕಿದೆ, ಇನ್ಯಾರು ಹಾಕುತ್ತಾರೆ ಎಂದೆ. ಸೋಪಿನ ನೀರು ಹಚ್ಚಿ ಸೋರುತ್ತದೋ ನೋಡಿದೆ ಎಂದೂ ಹೇಳಿದೆ. ಅವಳು ನನ್ನನ್ನೇ ನೋಡಿದಳು, ಆಮೇಲೆ ಸಿಲಿಂಡರನ್ನು ನೋಡಿದಳು. ನಾನು ಏನಾದರೂ ತಪ್ಪಾಗಿ ಸಿಕ್ಕಿಸಿದೆನೇ ಎಂದು ಭಯವಾಗಿ ಇನ್ನೊಂದು ಸಲ ಸೋಪು ಹಚ್ಚಿದೆ. ಸರಿಯಾಗಿಯೇ ಇತ್ತು.

ಮೇ ೧೯, ಭಾನುವಾರ

ಐದನೆಯದು ಸರಿ ಬಂತು. ಆದರೆ ಕರೆಂಟಿನ ಚಿಂತೆ ನನ್ನನ್ನು ತಿನ್ನುತ್ತಿದೆ. ಅವತ್ತು ನಡುವೆ ಹೋದರೆ ಏನು ಗತಿ? ಶಾಕಿರ್‌ನನ್ನು ಎರಡು ಆಂಪಿಯರ್ ಹೆಚ್ಚಿಗೆ ಕೊಡು ಎಂದು ಕೇಳಿದೆ. ಜನರೇಟರ್ ತುಂಬಿಹೋಗಿದೆ, ತಿಂಗಳು ಮುಗಿಯುವ ತನಕ ಆಗುವುದಿಲ್ಲ ಎಂದ. ಪಕ್ಕದ ಮನೆಯ ಅಬೂ ಸರ್ಮದ್‌ಗೆ ಹತ್ತು ಆಂಪಿಯರ್ ಇದೆ, ಗೋಡೆಯ ಮೇಲಿಂದ ಒಂದು ವೈರ್ ಎಳೆದುಕೊಳ್ಳಿ, ಎಲ್ಲರೂ ಹಾಗೇ ಮಾಡುತ್ತಾರೆ ಎಂದು ಸಲಹೆ ಕೊಟ್ಟ.

ಶಾಕಿರ್‌ಗೆ ಗೊತ್ತಿಲ್ಲದ್ದೇನಲ್ಲ. ನಾನೂ ಅಬೂ ಸರ್ಮದ್‌ನೂ ಮಾತು ಬಿಟ್ಟು ಮೂರು ವರ್ಷ. ಫಲೀಹಾಳ ನಲವತ್ತನೇ ದಿನ ಕಳೆದ ಮರುದಿನ, ಅವನ ಬೋರೆ ಮರದ ಎಲೆಗಳು ನಮ್ಮ ತೊಟ್ಟಿಗೆ ಬೀಳುತ್ತವೆಂದು ಗೋಡೆಯಿಂದೀಚೆ ಬಂದಿದ್ದ ದೊಡ್ಡ ಕೊಂಬೆಯನ್ನು ಕಡಿದು ಹಾಕಿದೆ. ಬೋರೆ ಮರಕ್ಕೆ ಗರಗಸ ಇಟ್ಟವರಿಗೆ ಒಳ್ಳೆಯದಾಗುವುದಿಲ್ಲ ಎಂದು ಇಲ್ಲಿ ಎಲ್ಲರೂ ನಂಬುತ್ತಾರೆ. ಅವನ ಮುದಿ ತಾಯಿ ಅಂಗಳದಲ್ಲಿ ಕೂತು ಅತ್ತಳು. ಅವನು ಗೋಡೆಯಾಚೆಯಿಂದ ಬೈದ, ನಾನೂ ಬೈದೆ. ಎಲೆ ನೆಪ. ಆ ದಿನಗಳಲ್ಲಿ ನನಗೆ ಏನನ್ನಾದರೂ ಕಡಿಯಬೇಕಾಗಿತ್ತು. ಇದನ್ನು ಅವನಿಗೆ ಹೇಗೆ ಹೇಳುವುದು?

ಅವನ ಬಾಗಿಲ ತನಕ ಎರಡು ಸಲ ಹೋಗಿ ವಾಪಸು ಬಂದೆ.

ಮೇ ೨೧, ಮಂಗಳವಾರ

ನನ್ನ ಲೆಕ್ಕದ ಪ್ರಕಾರ ಕಳೆದ ಐದು ದಿನವೂ ಕರೆಂಟು ಒಂದಕ್ಕೆ ಬಂದು ಮೂರಕ್ಕೆ ಹೋಗಿದೆ. ಗುರುವಾರ ಒಂದೂ ಹತ್ತಕ್ಕೆ ಇಟ್ಟರೆ ಒಂದೂ ಮುಕ್ಕಾಲಿಗೆ ಮುಗಿಯುತ್ತದೆ. ಅಬೂ ಸರ್ಮದ್‌ನ ಹಂಗು ಬೇಕಿಲ್ಲ.

ಅತಿಥಿಗಳ ಕೋಣೆಯ ಪರದೆ ಒಗೆದು ಹಾಕಿದೆ. ಬೆಂಡೆಕಾಯಿ ಸಾರು, ಅನ್ನ ಮಾಡಿ ಇಶ್ರಾಕ್‌ಳ ಪಾಲು ಮುಚ್ಚಿಟ್ಟೆ. ಹಸಿವು ತಡೆಯದೆ ನಾನು ಎರಡಕ್ಕೇ ಉಂಡೆ.

ಮೇ ೨೩, ಗುರುವಾರ

ಮಲಗುವ ಹೊತ್ತಾಯಿತು. ಆದರೂ ಬರೆಯುತ್ತೇನೆ, ಇಲ್ಲದಿದ್ದರೆ ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ.

ಒಂದಕ್ಕೆ ಸರಿಯಾಗಿ ಕರೆಂಟು ಬಂತು. ಒಂದೂ ಹತ್ತಕ್ಕೆ ಒಳಗಿಟ್ಟೆ. ಒಂದೂ ಇಪ್ಪತ್ತೆರಡಕ್ಕೆ ಹೋಯಿತು. ಐದು ದಿನದಲ್ಲಿ ಒಂದು ಸಲವೂ ಹಾಗೆ ಆಗಿರಲಿಲ್ಲ. ನನ್ನ ವೇಳಾಪಟ್ಟಿಯನ್ನು ಹರಿದು ಹಾಕಬೇಕೆನ್ನಿಸಿತು. ಕೇಕು ಆಗಷ್ಟೇ ಅಂಚಿನಲ್ಲಿ ಏಳುತ್ತಿತ್ತು. ಬಿಸಿ ಆರಿದರೆ ಮುಗಿಯಿತು, ಇನ್ನೊಂದು ಕಲಸಲು ಮನೆಯಲ್ಲಿ ಮೊಟ್ಟೆಯೂ ಇಲ್ಲ. ಅರ್ಧ ನಿಮಿಷ ಒವನ್ ಎದುರು ನಿಂತಿದ್ದೆ. ಆಮೇಲೆ ಏಪ್ರನ್ನಿನಲ್ಲೇ ಓಡಿದೆ. ಅಬೂ ಸರ್ಮದ್‌ನ ಬಾಗಿಲು ಬಡಿದೆ.

ಅವನೇ ತೆಗೆದ. ಒಳ ಅಂಗಿಯಲ್ಲಿದ್ದ, ಊಟದ ನಡುವೆ ಎದ್ದು ಬಂದಿದ್ದ. ದಾರಿಯಲ್ಲಿ ಏನೇನೋ ಮಾತು ಜೋಡಿಸಿಕೊಂಡಿದ್ದೆ, ಕೊಂಬೆಯ ವಿಷಯ, ಫಲೀಹಾಳ ವಿಷಯ. ಒಂದೂ ಬಾಯಿಗೆ ಬರಲಿಲ್ಲ. ಇಶ್ರಾಕ್‌ನ ನೋಡೋಕೆ ಬರ್ತಿದ್ದಾರೆ, ಕೇಕು ಒಳಗಿದೆ ಎಂದೆ. ಅವನು ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದ.

"ಎಷ್ಟು ಆಂಪಿಯರ್ ಬೇಕು?" ಅಂದ.

ಏಳು ಎಂದೆ. ಅವನ ಹತ್ತರಲ್ಲಿ ಏಳು ಕೊಟ್ಟರೆ ಅವನ ಮನೆಯ ಏಸಿ ನಡೆಯುವುದಿಲ್ಲ. ಅವನು ಒಳಗೆ ತಿರುಗಿ ಹೆಂಡತಿಗೆ ಏಸಿ ಆರಿಸಲು ಹೇಳಿದ. ಮುದಿ ತಾಯಿ ಯಾಕೆ ಎಂದು ಕೂಗಿದಳು. ಪಕ್ಕದ ಮನೆ ಹುಡುಗಿ ಮದುವೆಗೆ ಅಂದ. ವೈರ್ ಗೋಡೆಯ ಮೇಲಿಂದ ನಮ್ಮ ಅಡುಗೆಮನೆಯ ಕಿಟಕಿಗೆ ಬರುವಷ್ಟರಲ್ಲಿ ಒಂಬತ್ತು ನಿಮಿಷ ಕಳೆದಿತ್ತು. ಒವನ್ ಮತ್ತೆ ಕೆಂಪಾಯಿತು. ಎರಡೂ ಹತ್ತಕ್ಕೆ ಕೇಕು ತೆಗೆದೆ. ನಡುವೆ ಸಣ್ಣ ಗುಳಿ. ಸಾಸು ಸುರಿದರೆ ಗುಳಿ ತುಂಬಿಕೊಂಡು ಮಟ್ಟಸವಾಯಿತು. ಗೋಡೆಯ ಆಚೆ ಅವರ ಮನೆಯಲ್ಲಿ ರಟ್ಟಿನಿಂದ ಗಾಳಿ ಬೀಸಿಕೊಳ್ಳುವ ಸದ್ದು ಕೇಳುತ್ತಿತ್ತು. ನನಗೆ ಅಳು ಬಂತು.

ನಾಲ್ಕಕ್ಕೆ ಅಕ್ಕ ಬಂದಳು. ಇಶ್ರಾಕ್ ರಜೆ ಕೇಳಿಕೊಂಡು ಬೇಗ ಬಂದಳು, ನೀಲಿ ಉಡುಪು ಹಾಕಿದಳು. ಹೆಂಗಸರು ಬರುವಾಗ ಮನೆಯ ಗಂಡಸು ಇರಬಾರದು. ನಾಲ್ಕೂ ಮುಕ್ಕಾಲಿಗೆ ನನ್ನನ್ನು ಹೊರಗೆ ಅಟ್ಟಿದರು. ಎಲ್ಲಿಗೆ ಹೋಗಲಿ? ಅಬೂ ಸರ್ಮದ್‌ನ ಬಾಗಿಲು ತೆರೆದೇ ಇತ್ತು.

ಒಣನಿಂಬೆಯ ಚಹಾ ಕೊಟ್ಟ. ಇಬ್ಬರೂ ಅಂಗಳದಲ್ಲಿ ಕೂತೆವು. ಅವತ್ತು ಕಡಿದದ್ದು ತಪ್ಪಾಯಿತು ಎಂದೆ. ಅವನು ನನ್ನ ಲೋಟಕ್ಕೆ ಇನ್ನಷ್ಟು ಚಹಾ ಸುರಿದ. ಅವತ್ತು ನಿನ್ನ ಮನೆಯಲ್ಲಿ ಸಾವಾಗಿತ್ತು, ನಾನು ಬೈಯಬಾರದಿತ್ತು ಎಂದ. ಅಷ್ಟೇ ಆಯಿತು. ಗೋಡೆಯಾಚೆಯಿಂದ ಒಂದು ಸಲ ಜೋರಾಗಿ ನಗು ಕೇಳಿಸಿತು. ಆಮೇಲೆ ಇದ್ದಕ್ಕಿದ್ದಂತೆ ಎಲ್ಲರೂ ಸುಮ್ಮನಾದರು.

ಆರೂ ಇಪ್ಪತ್ತಕ್ಕೆ ಅವರು ಹೋದರು. ಅಕ್ಕ ಉರಿಯುತ್ತಿದ್ದಳು.

"ನಿನ್ನ ಮಗಳು ನನ್ನ ಮಾನ ಹರಾಜು ಹಾಕಿದ್ಲು. ಹುಡುಗಿ ಐದು ಗಂಟೆಗೇ ಎದ್ದು ಮಾಡಿದ್ದು ಅಂತ ನಾನು ಆಗಷ್ಟೇ ಹೇಳಿದ್ದೆ. ಹುಡುಗನ ತಾಯಿ, ಎಷ್ಟು ಚೆನ್ನಾಗಿದೆ ಮಗಳೇ, ನೀನೇ ಮಾಡಿದ್ದಾ ಅಂದ್ರು. ಇವಳು, ಇಲ್ಲ, ನಮ್ಮಪ್ಪ ಮಾಡಿದ್ದು ಅಂದ್ಲು."

ಆ ತಾಯಿ ಏನಂದಳು ಎಂದು ಕೇಳಿದೆ. ಏನೂ ಅನ್ನಲಿಲ್ಲವಂತೆ. ತಟ್ಟೆ ಖಾಲಿ ಮಾಡಿದಳಂತೆ. ಇಶ್ರಾಕ್‌ಳನ್ನು ನೋಡಿದೆ. ಅವಳು ನೀಲಿ ಉಡುಪಿನಲ್ಲೇ ಲೋಟ ತೊಳೆಯುತ್ತಿದ್ದಳು. ಸುಳ್ಳು ಹೇಳೋಕೆ ಆಗಲಿಲ್ಲ ಅಪ್ಪ, ನೀನು ಅಷ್ಟು ಕಷ್ಟಪಟ್ಟಿದ್ದೆ ಎಂದಳು. ಬೈಯಬೇಕೆಂದು ಬಾಯಿ ತೆರೆದವನು ಉಳಿದ ಕೇಕನ್ನು ಪಕ್ಕದ ಮನೆಗೆ ಕೊಟ್ಟು ಬಂದೆ.

ಮೇ ೨೪, ಶುಕ್ರವಾರ

ಫೋನ್ ಇಲ್ಲ. ಮೊದಲ ದಿನವೇ ಯಾರೂ ಮಾಡುವುದಿಲ್ಲ.

ಮೇ ೨೫, ಶನಿವಾರ

ಅಕ್ಕನಿಗೆ ನಾನೇ ಫೋನ್ ಮಾಡಿದೆ. ಎತ್ತಲಿಲ್ಲ.

ಮೇ ೨೬, ಭಾನುವಾರ

ಅಕ್ಕ ಎತ್ತಿದಳು. ಏನಾದರೂ ಇದ್ದರೆ ಹೇಳುತ್ತೇನೆ, ಪ್ರಾಣ ತಿನ್ನಬೇಡ ಎಂದಳು. ದನಿಯಲ್ಲಿ ಏನೋ ಇತ್ತು. ಮೂರನೇ ಸಲವೂ ಹೀಗಾದರೆ ನಾಲ್ಕನೆಯವರು ಬರುತ್ತಾರೆಯೇ? ಇಡೀ ಊರು, ಆ ಮನೆಯಲ್ಲಿ ಏನೋ ಇದೆ ಎನ್ನುವುದಿಲ್ಲವೇ?

ಕೈ ಸುಮ್ಮನಿರಲಿಲ್ಲ. ಮೀನು ತಂದು ಹುಣಸೆ ಹಾಕಿ ಮಾಡಿದೆ. ಅಬೂ ಸರ್ಮದ್ ಬಂದಿದ್ದ, ಅವನ ತಾಯಿಗೂ ಒಂದು ಪಾಲು ಕಟ್ಟಿಕೊಟ್ಟೆ. ಇಶ್ರಾಕ್ ಮೂರೂವರೆಗೆ ಬಂದಾಗ ಇಬ್ಬರೂ ಉಂಡು ಮುಗಿಸಿ ಚಹಾ ಕುಡಿಯುತ್ತಿದ್ದೆವು. ಅವಳು ಬಾಗಿಲಲ್ಲೇ ಚೀಲ ಹಿಡಿದು ಸ್ವಲ್ಪ ಹೊತ್ತು ನಿಂತಳು. ಸುಸ್ತಾಗಿರಬೇಕು.

ಮೇ ೨೮, ಮಂಗಳವಾರ

ಹತ್ತೂ ನಲವತ್ತಕ್ಕೆ ಅಕ್ಕನ ಫೋನ್. ಮಾತಿಗೆ ಮೊದಲೇ ನಾಲಗೆ ಹೊರಳಿಸಿ ಮದುವೆ ಮನೆಯ ಉಲಿ ಹಾಕಿದಳು, ಆಮೇಲೆ ಹೇಳಿದಳು. ಅಯ್ಸರ್‌ನ ತಾಯಿ ಶನಿವಾರವೇ ಫೋನ್ ಮಾಡಿದ್ದಳಂತೆ. ತಂದೆ ಮಾಡಿದ ಕೇಕನ್ನು ತಂದೆ ಮಾಡಿದ್ದೆಂದೇ ಹೇಳುವ ಹುಡುಗಿ ನಮಗೆ ಬೇಕು ಎಂದಳಂತೆ. ಯೋಚಿಸಲು ಮೂರು ದಿನ ಕೊಡಿ ಎಂದು ಇಶ್ರಾಕ್ ಕೇಳಿದ್ದಳು, ಈ ಬೆಳಿಗ್ಗೆ ಒಪ್ಪಿಕೊಂಡಳು. ಮುಂದಿನ ಗುರುವಾರ ಗಂಡಸರು ಬರುತ್ತಾರೆ.

"ಹೋದ ಎರಡು ಸಲ ಒಂದೇ ನಿಮಿಷಕ್ಕೆ ಬೇಡ ಅಂದೋಳು, ಈ ಸಲ ಮೂರು ದಿನ ತಗೊಂಡ್ಲು. ನನ್ನ ಜೀವ ಹೋಗಿ ಬಂತು ಮಕ್ಕಿ."

ಆಗಲೂ ಫೋನ್ ಬಂದಿತ್ತಾ ಎಂದು ಕೇಳಿದೆ. ಬಂದಿತ್ತು, ಎರಡು ಸಲವೂ ಬಂದಿತ್ತು, ನಿನಗೆ ಹೇಳಬೇಡ ಎಂದು ನಿನ್ನ ಮಗಳು ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು ಎಂದಳು.

"ಮತ್ತೆ ಅಂಗಡಿ ಕೇಕು ಅಂದ್ಯಲ್ಲ?"

"ನೀನು ಯಾಕೆ ಅಂತ ಕೇಳ್ದೆ. ಏನಾದ್ರೂ ಹೇಳ್ಬೇಕಿತ್ತಲ್ಲ."

ಫೋನ್ ಇಟ್ಟೆ. ಸಂತೋಷಪಡಬೇಕಾದವನು ಮೂರು ಗಂಟೆಯ ತನಕ ಕೋಪದಿಂದ ಮನೆಯೆಲ್ಲ ಓಡಾಡಿದೆ. ಎರಡು ವರ್ಷ ತಲೆ ತಗ್ಗಿಸಿಕೊಂಡು ತಿರುಗಿದ್ದೇನೆ. ಸತ್ತ ಹೆಂಡತಿಯ ಫೋಟೋದ ಎದುರು ಕ್ಷಮೆ ಕೇಳಿದ್ದೇನೆ. ನಮ್ಮಲ್ಲಿ ಏನು ಕೊರತೆ ಎಂದು ಗೋಡೆಗೋಡೆಯನ್ನೂ ನೋಡಿದ್ದೇನೆ. ಅಷ್ಟು ದಿನವೂ ಇವರಿಬ್ಬರು ಬಾಯಿ ಮುಚ್ಚಿಕೊಂಡಿದ್ದರು.

ಇಶ್ರಾಕ್ ಬಂದಳು. ಊಟಕ್ಕೂ ಬಿಡದೆ ಕೇಳಿದೆ. ಆ ಹುಡುಗರು ಹಿಡಿಸಲಿಲ್ಲವೇ ಎಂದೆ. ಎರಡನೆಯವನು ಹಿಡಿಸಿದ್ದ ಎಂದಳು. ಮತ್ತೇಕೆ ಎಂದೆ. ಅವಳು ಕೂತಳು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಅಮ್ಮ ತೀರ್ಕೊಂಡ ವರ್ಷ ಒಂದಿನ ನಂಗೆ ಎರಡು ಪಾಳಿ ಬಿತ್ತು. ಹೊತ್ತು ಮುಳುಗಿದ ಮೇಲೆ ಬಂದೆ. ಬೆಳಿಗ್ಗೆ ಮುಚ್ಚಿಟ್ಟಿದ್ದ ಊಟ ಹಾಗೇ ಇತ್ತು. ಅದ್ರ ಪಕ್ಕದಲ್ಲೇ ನೀನು ಕೂತಿದ್ದೆ. ಯಾಕೆ ಉಣ್ಣಲಿಲ್ಲ ಅಂದ್ರೆ, ನೀನು ಬರ್ಲಿ ಅಂತ ಅಂದೆ. ಬೆಳಗಿಂದ ಒಂದು ತುತ್ತೂ ತಿಂದಿರ್ಲಿಲ್ಲ. ಹಾಗಿರೋನ್ನ ಬಿಟ್ಟು ನಾನು ಯಾರ ಮನೆಗೆ ಹೋಗ್ಲಿ?"

ನನಗೆ ಆ ದಿನ ನೆನಪೇ ಇಲ್ಲ. ಎಷ್ಟು ಹುಡುಕಿದರೂ ನೆನಪಾಗಲಿಲ್ಲ. ಬೇರೆ ದಿನಗಳು ಎಷ್ಟೋ ನೆನಪಾದವು, ಅವೂ ಹಾಗೆಯೇ ಇದ್ದವು. ಕೋಪ ಎಲ್ಲಿಗೆ ಹೋಯಿತೋ. ನನ್ನಿಂದಾಗಿ ನನ್ನ ಮಗಳು ತನಗೆ ಹಿಡಿಸಿದವನನ್ನು ಬೇಡ ಎಂದಿದ್ದಾಳೆ. ಇದನ್ನು ಇಲ್ಲಿ ಬರೆಯುವುದಕ್ಕೂ ನಾಚಿಕೆಯಾಗುತ್ತದೆ.

"ಈಗ ಹೋಗಬಹುದು ಅನ್ನಿಸ್ತಿದೆ," ಅಂದಳು. "ಹೋಗ್ಲಾ ಅಪ್ಪ?"

ಹೋಗು ಎಂದೆ. ಗುರುವಾರ ಗಂಡಸರ ಎದುರು ಹೇಳಬೇಕಾದ ಒಪ್ಪಿಗೆಯ ಮಾತನ್ನು ಇವತ್ತೇ ಅವಳಿಗೆ ಹೇಳಿದೆ. ದನಿ ಒಡೆಯಿತು. ಅವಳೂ ಅತ್ತಳು. ಇಬ್ಬರೂ ಮುಖ ತೊಳೆದುಕೊಂಡು ಊಟ ಮಾಡಿದೆವು.

ಐದಕ್ಕೆ ಅವಳು ಇನ್ನೊಂದು ಕೆಲಸಕ್ಕೆ ಹೊರಟಳು. ಇವತ್ತು ಬರುವುದು ತಡವಾಗುತ್ತದೆ ಎಂದು ಬಾಗಿಲಲ್ಲಿ ಹೇಳಿದಳು.

ಏಳೂ ಕಾಲಿಗೆ ಸಾರು ಬಿಸಿ ಮಾಡಿಕೊಂಡು ಊಟ ಮಾಡಿದೆ. ಕಾಯಲಿಲ್ಲ.